ಸೈಕಲ್ಲಿಗೆ ಲೈಟು: ಯಾವುದು ಕೊಳ್ಳಬೇಕು, ಹೇಗೆ ಕಟ್ಟಬೇಕು

ಬೆಳಗಿನ ಜಾವ ಐದು ಗಂಟೆಗೆ ಹೆಬ್ಬಾಳದ ಫ್ಲೈಓವರ್ ಕೆಳಗೆ ನಿಂತು ನೋಡಿ. ಭಾನುವಾರವಾದರೆ ನಂದಿ ಬೆಟ್ಟಕ್ಕೆ ಹೊರಟ ಸೈಕಲ್‌ಗಳು ಸಾಲಾಗಿ ಬಳ್ಳಾರಿ ರಸ್ತೆ ಹಿಡಿದಿರುತ್ತವೆ. ಉಳಿದ ದಿನಗಳಲ್ಲಿ ಪೇಪರ್ ಹಾಕುವ ಹುಡುಗರು, ಹಾಲಿನವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಸೆಕ್ಯುರಿಟಿಯವರು. ಮೊದಲಿನವರಲ್ಲಿ ಕೆಲವರ ಲೈಟು ಎದುರಿನವರ ಕಣ್ಣು ಕುಕ್ಕುತ್ತದೆ. ಎರಡನೆಯವರಲ್ಲಿ ಬಹಳ ಜನಕ್ಕೆ ಲೈಟೇ ಇರುವುದಿಲ್ಲ. ಎರಡರಿಂದಲೂ ಪೆಟ್ಟಾಗುತ್ತದೆ. ಸರಿಯಾದ ಲೈಟನ್ನು ಸರಿಯಾಗಿ ಕಟ್ಟಿದರೆ ಎರಡನ್ನೂ ತಪ್ಪಿಸಬಹುದು.

ಹಿಂದೆ ನಮ್ಮ ಮನೆಗಳ ಸೈಕಲ್ಲಿಗೆ ಡೈನಮೊ ಇರುತ್ತಿತ್ತು. ಟೈರಿಗೆ ಒರಗಿ ತಿರುಗುವ ಬಾಟಲಿಯಂಥ ಪುಟ್ಟ ಯಂತ್ರ ಅದು. ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ತುಳಿದರೆ ಬೆಳಕು, ನಿಂತರೆ ಕತ್ತಲು. ಈಗಿನ ಎಲ್‌ಇಡಿ ಲೈಟಿಗೆ ಆ ತೊಂದರೆ ಇಲ್ಲ. ಒಳಗಿನ ಬ್ಯಾಟರಿಯನ್ನು ಮೊಬೈಲಿನಂತೆ ಚಾರ್ಜ್ ಮಾಡಿಕೊಂಡರೆ ಸಾಕು.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಪದ ಲುಮೆನ್. ಲೈಟಿನಿಂದ ಒಟ್ಟು ಎಷ್ಟು ಬೆಳಕು ಹೊರಡುತ್ತದೆ ಎಂಬ ಅಳತೆ ಅದು. ಆ ಬೆಳಕು ಎಲ್ಲಿ ಬೀಳುತ್ತದೆ ಎಂದು ಅದು ಹೇಳುವುದಿಲ್ಲ. ನೆಲದ ಮೇಲೆ ಬಿದ್ದ ಬೆಳಕಿನ ಅಳತೆಗೆ ಲಕ್ಸ್ ಎನ್ನುತ್ತಾರೆ. ಸಾಮಾನ್ಯ ಟಾರ್ಚ್ ದುಂಡಗೆ ಬೆಳಕು ಚೆಲ್ಲುತ್ತದೆ, ಅದರಲ್ಲಿ ದೊಡ್ಡ ಪಾಲು ಆಕಾಶಕ್ಕೂ ಎದುರಿನವರ ಮುಖಕ್ಕೂ ಹೋಗುತ್ತದೆ. ಜರ್ಮನಿಯಲ್ಲಿ ಸೈಕಲ್ ಲೈಟಿನ ಬೆಳಕು ಮೇಲ್ಗಡೆ ಕತ್ತರಿಸಿದಂತೆ ನಿಲ್ಲಬೇಕೆಂಬ ನಿಯಮವಿದೆ, ಕಾರಿನ ಡಿಮ್ ಲೈಟಿನ ಹಾಗೆ. ಅಂಥ ಲೈಟು ಸಿಕ್ಕರೆ ಕಡಿಮೆ ಲುಮೆನ್ ಇದ್ದರೂ ಅದನ್ನೇ ತೆಗೆದುಕೊಳ್ಳಿ.

ಹಾಗಾದರೆ ಎಷ್ಟು ಬೆಳಕು ಬೇಕು? ಆರ್.ಟಿ. ನಗರ, ಯಶವಂತಪುರದ ಒಳರಸ್ತೆಗಳಲ್ಲಿ ಬೀದಿದೀಪ ಇದೆ. ಅಲ್ಲಿ ನೀವು ಬೇರೆಯವರಿಗೆ ಕಂಡರೆ ಸಾಕು, 100ರಿಂದ 200 ಲುಮೆನ್ ಧಾರಾಳ. ಯಲಹಂಕ ದಾಟಿ ರಾಜಾನುಕುಂಟೆ ಕಡೆಗೋ ಚಿಕ್ಕಜಾಲದ ಕಡೆಗೋ ಹೊರಟರೆ ರಸ್ತೆ ನಿಮಗೂ ಕಾಣಬೇಕು. ಒಂದು ಲೆಕ್ಕ ನೋಡಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತದೆ. ಗುಂಡಿ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡ್ ಕಳೆದಿರುತ್ತದೆ, ನಿಲ್ಲಲು ಇನ್ನೂ 6 ಮೀಟರ್ ಬೇಕು. ಒಟ್ಟು 13. ನಂದಿ ಇಳಿಜಾರಿನಲ್ಲಿ 40 ಕಿ.ಮೀ. ವೇಗ ಬಂತೆಂದರೆ ಅದೇ ದೂರ 26 ಮೀಟರ್ ಆಗುತ್ತದೆ, ರಸ್ತೆ ಒದ್ದೆಯಾಗಿದ್ದರೆ 35ರ ಹತ್ತಿರ. ಬೆಳಕು ಅದಕ್ಕಿಂತ ಮುಂದೆ ಬೀಳದಿದ್ದರೆ ಕಂಡದ್ದಕ್ಕೆ ಗುದ್ದುವುದೇ ಗತಿ. ಊರ ಹೊರಗಿನ ಕತ್ತಲ ರಸ್ತೆಗೆ 400 ಲುಮೆನ್, ಇಳಿಜಾರಿಗೆ 600 ಎಂದಿಟ್ಟುಕೊಳ್ಳಿ. 2000, 3000 ಎಂದು ಬರೆದ ಅಗ್ಗದ ಲೈಟಿನ ಮಾತು ನಂಬಬೇಡಿ.

ಇನ್ನು ಕಟ್ಟುವ ಕೆಲಸ. ನನ್ನ ಕೇಳಿದರೆ ಕೊಳ್ಳುವುದಕ್ಕಿಂತ ಇದೇ ಮುಖ್ಯ. ಹೊಸ ಸೈಕಲ್‌ಗಳ ಹ್ಯಾಂಡಲ್ ನಡುಭಾಗದಲ್ಲಿ ಸಾಮಾನ್ಯವಾಗಿ 31.8 ಮಿ.ಮೀ. ದಪ್ಪ ಇರುತ್ತದೆ, ಹಳೆಯವುಗಳಲ್ಲಿ 25.4. ಸ್ಕ್ರೂ ಹಾಕಿ ಬಿಗಿಯುವ ಕ್ಲಾಂಪ್ ಆದರೆ ಅಳತೆ ನೋಡಿಯೇ ತನ್ನಿ. ಸಡಿಲವಿದ್ದರೆ ಹಳೆಯ ಟ್ಯೂಬಿನ ತುಂಡು ಸುತ್ತಿ ಬಿಗಿಯಿರಿ. ರಬ್ಬರ್ ಬೆಲ್ಟಿನ ಲೈಟು ಎಲ್ಲಕ್ಕೂ ಒಗ್ಗುತ್ತದೆ, ಆದರೆ ಭಾರದ ಲೈಟಾದರೆ ಪ್ರತಿ ಹಂಪ್‌ಗೂ ಮೂಗು ಕೆಳಗೆ ಬಗ್ಗಿಸುತ್ತದೆ. ನಮ್ಮ ಕಡೆಯ ಹಂಪ್‌ಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೇಕಿನ ಕೇಬಲ್ ಬೆಳಕಿಗೆ ಅಡ್ಡ ಬರದಂತೆ ಜಾಗ ಆರಿಸಿ.

ಕಟ್ಟಿದ ಮೇಲೆ ಗೋಡೆಯ ಪರೀಕ್ಷೆ. ಸಂಜೆ ಕತ್ತಲಾದ ಮೇಲೆ ಸೈಕಲ್ಲನ್ನು ಕಾಂಪೌಂಡಿಗೆ ಎದುರಾಗಿ 5 ಮೀಟರ್ ದೂರದಲ್ಲಿ ನಿಲ್ಲಿಸಿ. ಲೈಟು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ನಡುಬಿಂದು ಗೋಡೆಯ ಮೇಲೆ 75 ಸೆಂ.ಮೀ. ಎತ್ತರಕ್ಕೆ ಬೀಳಬೇಕು, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಕೆಳಗೆ. ಆಗ ಅದು 20 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ವೇಗದ ಇಳಿಜಾರಿಗೆ ಸ್ವಲ್ಪ ಎತ್ತಿ, ಮತ್ತೆ ಸಮತಟ್ಟು ರಸ್ತೆಗೆ ಬಂದಾಗ ಇಳಿಸಿ. ಎದುರಿಗೆ ಬರುವ ಸ್ಕೂಟರಿನವರ ಮುಖಕ್ಕೆ ಬೆಳಕು ಹೊಡೆದರೆ ಅವರಿಗೆ ನೀವೂ ಕಾಣುವುದಿಲ್ಲ, ರಸ್ತೆಯೂ ಕಾಣುವುದಿಲ್ಲ.

ಹೆಲ್ಮೆಟ್ ಮೇಲೆ ಕಟ್ಟಬಹುದೇ ಎಂದು ಕೇಳುತ್ತೀರಿ. ತಿರುವುಗಳಲ್ಲಿ ಅನುಕೂಲವೇನೋ ಹೌದು. ಆದರೆ ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆ ಮಂಜು ಕವಿಯುವುದು ನಿಮಗೆ ಗೊತ್ತೇ ಇದೆ, ವಿಮಾನಗಳೇ ತಡವಾಗುತ್ತವೆ. ಆ ಮಂಜಿನ ಹನಿಗಳಿಗೆ ತಾಗಿದ ಬೆಳಕು ಹಿಂದಕ್ಕೇ ಮರಳುತ್ತದೆ. ಲೈಟು ಕಣ್ಣಿಗೆ ಹತ್ತಿರವಿದ್ದಷ್ಟೂ ಎದುರಿಗೆ ಬಿಳಿ ಗೋಡೆ ನಿಂತಂತೆ ಕಾಣುತ್ತದೆ. ಮಂಜಿನಲ್ಲಿ ಹ್ಯಾಂಡಲ್ ಲೈಟೇ ಸರಿ. ಅದನ್ನೂ ಕಡಿಮೆ ಮಾಡಿ, ಇನ್ನಷ್ಟು ನೆಲಕ್ಕೆ ಬಗ್ಗಿಸಿ, ನಿಧಾನವಾಗಿ ಹೋಗಿ.

ಮಳೆಗೆ ಡಬ್ಬಿಯ ಮೇಲಿನ ಐಪಿಎಕ್ಸ್ ಅಂಕಿ ನೋಡಿ. 4 ಎಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತದೆ. 6 ಎಂದರೆ ಜೋರಾದ ನೀರಿನ ಧಾರೆಯನ್ನೂ ತಡೆಯುತ್ತದೆ. ನಮ್ಮ ಮಳೆಗೆ 4 ಸಾಲುತ್ತದೆ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಮಾತ್ರ ಭದ್ರವಾಗಿರಲಿ.

ಬ್ಯಾಟರಿ ಬದಲಿಸುವ ಲೈಟುಗಳಲ್ಲಿ ಹೆಚ್ಚಾಗಿ 18650 ಎಂಬ ಲಿಥಿಯಂ ಸೆಲ್ ಇರುತ್ತದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಎಂಬುದೇ ಆ ಹೆಸರಿನ ಅರ್ಥ. ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 3500 ಎಂಎಎಚ್‌ವರೆಗೆ. 9900 ಎಂದು ಮೇಲೆ ಅಚ್ಚಾಗಿದ್ದರೆ ಅದು ಸುಳ್ಳು, ಅಂಥದ್ದನ್ನು ಮನೆಗೆ ತರಬೇಡಿ. ಉಬ್ಬಿದ, ಹೊದಿಕೆ ಹರಿದ ಸೆಲ್ಲನ್ನು ಚಾರ್ಜಿಗೆ ಹಾಕಲೇಬೇಡಿ.

ಮುಂದಿನ ಲೈಟಿನ ಗಲಾಟೆಯಲ್ಲಿ ಹಿಂದಿನ ಕೆಂಪು ಲೈಟು ಮರೆತುಹೋಗುತ್ತದೆ. ಬಳ್ಳಾರಿ ರಸ್ತೆಯಂಥ ಕಡೆ ಲಾರಿ, ಏರ್‌ಪೋರ್ಟ್ ಟ್ಯಾಕ್ಸಿಗಳು ಹಿಂದಿನಿಂದಲೇ ಬರುವುದು. ದುಡ್ಡು ಒಂದಕ್ಕೇ ಇದ್ದರೆ, ಬೀದಿದೀಪವಿರುವ ರಸ್ತೆಯವರು ಮೊದಲು ಇದನ್ನೇ ಕೊಳ್ಳಿ ಎನ್ನುತ್ತೇನೆ. ಸೀಟಿನ ಕೆಳಗಿನ ರಾಡಿಗೆ ಕಟ್ಟಿ. ಶರ್ಟು, ರೇನ್‌ಕೋಟು, ಬ್ಯಾಗು ಅದನ್ನು ಮುಚ್ಚದಿರಲಿ.

ಬೆಲೆ ಅಂದಾಜಿಗೆ ಹೇಳುತ್ತೇನೆ. ಹಿಂದಿನ ಕೆಂಪು ಲೈಟು 200ರಿಂದ 800 ರೂಪಾಯಿ. ಮುಂದಿನದು ಪೇಟೆಗೆ 500ರಿಂದ ಸಾವಿರ, ಕತ್ತಲ ರಸ್ತೆಗೆ 1500ರಿಂದ 3000. ಚಿಕ್ಕಜಾಲದ ಡೆಕಾಥ್ಲಾನ್ ಮಳಿಗೆಯಲ್ಲಿ ನೋಡಬಹುದು, ಇಲ್ಲವೇ ನಿಮ್ಮ ಬಡಾವಣೆಯ ಸೈಕಲ್ ಅಂಗಡಿಯಲ್ಲಿ ಕೇಳಿ. ಆನ್‌ಲೈನಿನಲ್ಲೂ ಸಿಗುತ್ತದೆ, ಆದರೆ ಕ್ಲಾಂಪ್ ಕೈಯಲ್ಲಿ ಹಿಡಿದು ನೋಡುವುದೇ ಒಳ್ಳೆಯದು. ಸೈಕಲ್ ನಿಲ್ಲಿಸಿ ಹೋಗುವಾಗ ಲೈಟು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ನಿಮ್ಮ ಮನೆಗೆ ಪೇಪರ್ ಹಾಕುವ ಹುಡುಗನ ಸೈಕಲ್ಲಿಗೆ ಲೈಟಿಲ್ಲದಿದ್ದರೆ ಒಂದು ಕೆಂಪು ಲೈಟು ನೀವೇ ತಂದು ಕೊಡಿ. ಸೀಟಿನ ರಾಡಿಗೆ ಕಟ್ಟಿದರೆ ಕ್ಯಾರಿಯರ್ ಮೇಲಿನ ಪೇಪರ್ ಕಟ್ಟು ಅದನ್ನು ಮುಚ್ಚಿಬಿಡುತ್ತದೆ. ಕ್ಯಾರಿಯರಿನ ಹಿಂದಿನ ಕಂಬಿಗೆ, ಕಟ್ಟಿಗಿಂತ ಕೆಳಗೆ, ರಬ್ಬರ್ ಬೆಲ್ಟು ಎರಡು ಸುತ್ತು ಸುತ್ತಿ ಕಟ್ಟಿಕೊಡಿ. ಚಾರ್ಜರ್ ಅವನ ಹತ್ತಿರ ಇರುತ್ತದೋ ಇಲ್ಲವೋ, ಪೆನ್ಸಿಲ್ ಸೆಲ್ ಹಾಕುವ ಮಾದರಿಯನ್ನೇ ಆರಿಸಿ.