‘ಫೈರ್’ ಸಿನಿಮಾ ಗಲಾಟೆ: ಬೈದವರೂ ಒಂದೇ ಗುಂಪಲ್ಲ, ಹೊಗಳಿದವರೂ ಒಂದೇ ಗುಂಪಲ್ಲ

‘ಎ’ ಸರ್ಟಿಫಿಕೇಟ್ ಸಿನಿಮಾ ಅಂದ ತಕ್ಷಣ ನಮ್ಮ ಕಡೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತೆ. ‘ಇಂಥದ್ದೆಲ್ಲ ಯಾಕಾದ್ರೂ ತೆಗೀತಾರೋ’ ಅನ್ನೋದು ಒಂದು. ‘ಅದು ಕಲೆ, ನಿಮಗೆ ಅರ್ಥ ಆಗಲ್ಲ ಬಿಡಿ’ ಅನ್ನೋದು ಇನ್ನೊಂದು. ಆದರೆ ದೇಶದಲ್ಲಿ ಇಂಥ ಸಿನಿಮಾವೊಂದರ ಮೇಲೆ ನಡೆದ ದೊಡ್ಡ ಜಗಳವನ್ನು ಬಿಡಿಸಿ ನೋಡಿದರೆ ಒಳಗೆ ನಾಲ್ಕೈದು ಬೇರೆ ಬೇರೆ ಜಗಳ ಸಿಗುತ್ತವೆ. ಅದು ದೀಪಾ ಮೆಹ್ತಾ ನಿರ್ದೇಶನದ ‘ಫೈರ್’. 1998ರ ನವೆಂಬರ್‌ನಲ್ಲಿ ಭಾರತದಲ್ಲಿ ತೆರೆಕಂಡಿತು. ಡಿಸೆಂಬರ್‌ನಲ್ಲಿ ಟಾಕೀಸುಗಳ ಮೇಲೆ ದಾಳಿ ಆಯಿತು.

ಯಾರು ಏನಂದರು, ಯಾಕಂದರು, ಕೊನೆಗೆ ನಷ್ಟ ಯಾರ ತಲೆ ಮೇಲೆ ಬಂತು? ವಿವರ ಇಲ್ಲಿದೆ.

ಕಥೆ ಏನು?

ದೆಹಲಿಯ ಮಧ್ಯಮ ವರ್ಗದ ಒಂದು ಅವಿಭಕ್ತ ಕುಟುಂಬ. ಊಟ-ತಿಂಡಿ ಪಾರ್ಸೆಲ್ ಕೊಡುವ ಅಂಗಡಿ, ಜೊತೆಗೆ ವಿಡಿಯೊ ಕ್ಯಾಸೆಟ್ ಬಾಡಿಗೆ ವ್ಯಾಪಾರ. ಅಣ್ಣ ಅಶೋಕನಿಗೆ ಸ್ವಾಮೀಜಿಯೊಬ್ಬರ ಪ್ರಭಾವ. ಹೆಂಡತಿ ರಾಧಾಳಿಗೆ ಮಕ್ಕಳಾಗಲ್ಲ ಅಂತ ಗೊತ್ತಾದ ಮೇಲೆ ಬ್ರಹ್ಮಚರ್ಯ ಹಿಡಿದು 13 ವರ್ಷ ಆಗಿದೆ. ತಮ್ಮ ಜತಿನ್‌ಗೆ ಹೊರಗೆ ಒಬ್ಬಳು ಪ್ರೇಯಸಿ. ಮನೆಯವರ ಒತ್ತಾಯಕ್ಕೆ ಸೀತಾಳನ್ನು ಮದುವೆ ಆಗಿದ್ದಾನೆ. ಕ್ಯಾಸೆಟ್ ಅಂಗಡಿಯಲ್ಲಿ ಕದ್ದುಮುಚ್ಚಿ ನೀಲಿ ಚಿತ್ರ ಬಾಡಿಗೆಗೆ ಕೊಡುವುದೂ ಅವನೇ. ಮಾತು ನಿಂತು ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳೋದು, ಅಡುಗೆ, ಅಂಗಡಿ ಕೆಲಸ ಎಲ್ಲ ಇಬ್ಬರು ಸೊಸೆಯಂದಿರ ಪಾಲಿಗೆ. ಗಂಡಂದಿರಿಂದ ದೂರವಾದ ಈ ವಾರಗಿತ್ತಿಯರು ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಆ ಹತ್ತಿರ ಪ್ರೀತಿಯಾಗುತ್ತೆ, ದೈಹಿಕ ಸಂಬಂಧವೂ ಆಗುತ್ತೆ.

ರಾಧಾ ಪಾತ್ರದಲ್ಲಿ ಶಬಾನಾ ಆಜ್ಮಿ, ಸೀತಾ ಪಾತ್ರದಲ್ಲಿ ನಂದಿತಾ ದಾಸ್. ಸಂಗೀತ ಎ.ಆರ್. ರೆಹಮಾನ್ ಅವರದು. ದೊಡ್ಡ ಬ್ಯಾನರ್ ಬೆನ್ನಿಗಿಲ್ಲದೆ, ಹೆಚ್ಚಾಗಿ ಇಂಗ್ಲಿಷ್ ಮಾತುಗಳಲ್ಲೇ ತೆಗೆದ ಚಿತ್ರ ಇದು. 1996ರಲ್ಲೇ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತ್ತು. ಹಸಿಬಿಸಿ ದೃಶ್ಯಗಳನ್ನೇ ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಗೋದು ಕಡಿಮೆ.

ಸೆನ್ಸಾರ್ ಏನು ಮಾಡಿತು?

1998ರಲ್ಲಿ ಸೆನ್ಸಾರ್ ಮಂಡಳಿ ಚಿತ್ರಕ್ಕೆ ‘ಎ’ ಸರ್ಟಿಫಿಕೇಟ್ ಕೊಟ್ಟಿತು. ಒಂದೂ ದೃಶ್ಯಕ್ಕೆ ಕತ್ತರಿ ಹಾಕಲಿಲ್ಲ. ಹಿಂದಿ ಆವೃತ್ತಿಯಲ್ಲಿ ಸೀತಾ ಹೆಸರು ನೀತಾ ಆಗಬೇಕು ಅಂದರು, ಆಯಿತು. ನವೆಂಬರ್ 13ಕ್ಕೆ ಬಿಡುಗಡೆ. ಸುಮಾರು ಮೂರು ವಾರ ದೊಡ್ಡ ನಗರಗಳಲ್ಲಿ ಚಿತ್ರ ಓಡಿತು. ಜನ ಬಂದರು, ನೋಡಿದರು, ಹೋದರು.

ಡಿಸೆಂಬರ್ 2ರಂದು ಮುಂಬೈನ ಗೋರೆಗಾಂವ್‌ನ ಚಿತ್ರಮಂದಿರಕ್ಕೆ ಶಿವಸೇನೆಯ 200ಕ್ಕೂ ಹೆಚ್ಚು ಜನ ನುಗ್ಗಿದರು. ಗಾಜು ಒಡೆದರು, ಪೋಸ್ಟರ್ ಸುಟ್ಟರು, ಪ್ರದರ್ಶನ ನಿಲ್ಲಿಸಿದರು. ಇದರಲ್ಲಿ ಪಕ್ಷದ ಮಹಿಳಾ ಘಟಕದವರು ಮುಂದಿದ್ದರು. ಮರುದಿನ ದೆಹಲಿಯ ರೀಗಲ್ ಚಿತ್ರಮಂದಿರದ ಸರದಿ. ಕೋಲ್ಕತ್ತದಲ್ಲಿ ಮಾತ್ರ ಕತೆ ಬೇರೆ ಆಯಿತು. ಗಲಾಟೆಗೆ ಬಂದವರ ಎದುರು ಟಾಕೀಸಿನ ಸಿಬ್ಬಂದಿ ಮತ್ತು ಪ್ರೇಕ್ಷಕರೇ ನಿಂತರು. ಅಲ್ಲಿ ಚಿತ್ರ ನಿಲ್ಲಲಿಲ್ಲ.

ವಿರೋಧಿಸಿದವರ ವಾದ ಏನು?

ದಾಳಿ ಮಾಡಿದವರು ಹೇಳಿದ್ದು ಮುಖ್ಯವಾಗಿ ಎರಡು. ಒಂದು, ಹೆಣ್ಣು ಹೆಣ್ಣಿನ ಸಂಬಂಧ ನಮ್ಮ ಸಂಸ್ಕೃತಿಯಲ್ಲಿಲ್ಲ, ಇದು ಮದುವೆ ಅನ್ನೋ ವ್ಯವಸ್ಥೆಯನ್ನೇ ಹಾಳು ಮಾಡುತ್ತೆ. ಎರಡು, ರಾಧಾ, ಸೀತಾ ಅನ್ನೋ ಪೂಜ್ಯ ಹೆಸರುಗಳನ್ನು ಇಂಥ ಪಾತ್ರಕ್ಕೆ ಇಟ್ಟಿದ್ದು ತಪ್ಪು. ಎರಡನೆಯ ಮಾತಿನಿಂದ ಮನಸ್ಸಿಗೆ ನೋವಾದವರು ದಾಳಿ ಮಾಡಿದವರಷ್ಟೇ ಅಲ್ಲ. ಕಲ್ಲು ಹಿಡಿಯದ, ಮನೆಯಲ್ಲೇ ಕೂತು ಬೇಸರ ಪಟ್ಟ ಸಾಮಾನ್ಯ ಭಕ್ತರೂ ಇದ್ದರು. ಅವರ ಬೇಸರವನ್ನು ಪುಂಡಾಟದ ಲೆಕ್ಕಕ್ಕೆ ಸೇರಿಸೋದು ಸರಿಯಲ್ಲ.

ಇನ್ನು ಕೆಲವರು ಸಂಸ್ಕೃತಿ ರಕ್ಷಣೆ ಅನ್ನದೆಯೂ ಚಿತ್ರವನ್ನು ಕಟುವಾಗಿ ಟೀಕಿಸಿದರು. ಮಹಿಳಾ ವಿಷಯಗಳ ಪತ್ರಿಕೆ ‘ಮಾನುಷಿ’ಯ ಸಂಪಾದಕಿ ಮಧು ಕಿಶ್ವರ್ ಅವರ ಪ್ರಕಾರ, ಇದು ಭಾರತೀಯ ಕುಟುಂಬವನ್ನು ಹೊರಗಿನವರ ಕಣ್ಣಿಂದ ನೋಡಿ, ಹೀಯಾಳಿಸಿ ತೋರಿಸಿದ ಚಿತ್ರ. ಕನ್ನಡದ ಬರಹಗಾರರಾದ ನಿರಂಜನ ಮತ್ತು ಅನುಪಮಾ ನಿರಂಜನ ಅವರ ಮಗಳು ತೇಜಸ್ವಿನಿ ನಿರಂಜನ, ಮೇರಿ ಜಾನ್ ಜೊತೆ ಸೇರಿ 1999ರಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದರು. ದಾಳಿಯನ್ನು ಒಪ್ಪದೆ, ಚಿತ್ರವನ್ನೂ ಪ್ರಶ್ನಿಸಿದ ಲೇಖನ ಅದು. ಹೆಣ್ಣಿಗೆ ದೈಹಿಕ ಆಸೆಯ ಸ್ವಾತಂತ್ರ್ಯ ಸಿಕ್ಕಿಬಿಟ್ಟರೆ ಬಿಡುಗಡೆ ಸಿಕ್ಕ ಹಾಗೇನಾ? ಉಳಿದ ಬಂಧನಗಳ ಮಾತೇನು? ಸರಳವಾಗಿ ಹೇಳಿದರೆ ಇದು ಅವರ ತಕರಾರು.

ಮೆಚ್ಚಿದವರಲ್ಲೂ ಒಮ್ಮತ ಇರಲಿಲ್ಲ

ಚಿತ್ರದ ಪರ ನಿಂತವರಲ್ಲಿ ಹಲವರು ‘ಇದು ಸಲಿಂಗ ಪ್ರೇಮದ ಕಥೆ ಅಲ್ಲ, ಒಂಟಿತನದ ಕಥೆ, ಆಯ್ಕೆಯ ಕಥೆ’ ಅಂದರು. ದೀಪಾ ಮೆಹ್ತಾ ಅವರೂ ಹೆಚ್ಚುಕಡಿಮೆ ಇದೇ ಮಾತು ಆಡುತ್ತಿದ್ದರು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಬಂದವರಿಗೆ ಈ ಮಾತು ಅನುಕೂಲವಾಗಿತ್ತು.

ಆದರೆ ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗೆ ಇದೇ ಮಾತು ನೋವು ಕೊಟ್ಟಿತು. ನಮ್ಮ ಕಥೆ ಮೊದಲ ಸಲ ದೊಡ್ಡ ಪರದೆ ಮೇಲೆ ಬಂದಾಗ, ನಮ್ಮ ಪರ ನಿಂತವರೇ ನಮ್ಮ ಹೆಸರು ಹೇಳಲು ಹಿಂಜರಿದರೆ ಹೇಗೆ ಅನ್ನೋದು ಅವರ ಪ್ರಶ್ನೆ. ಡಿಸೆಂಬರ್ 7ರಂದು ದೆಹಲಿಯ ರೀಗಲ್ ಮುಂದೆ ಮೊಂಬತ್ತಿ ಹಿಡಿದು ನಡೆದ ಪ್ರತಿಭಟನೆಯಲ್ಲಿ ಅವರು ತಾವು ಭಾರತೀಯರೂ ಹೌದು, ಸಲಿಂಗಿಗಳೂ ಹೌದು ಅಂತ ಫಲಕ ಹಿಡಿದು ನಿಂತರು. ಅದರ ಬೆನ್ನಲ್ಲೇ ಅವರ ಹಕ್ಕುಗಳಿಗಾಗಿ ಒಂದು ಸಂಘಟನೆಯೂ ಹುಟ್ಟಿತು. ಅವರಲ್ಲೇ ಕೆಲವರಿಗೆ ಚಿತ್ರದ ಮೇಲೂ ಆಕ್ಷೇಪ ಇತ್ತು. ಗಂಡ ಸರಿ ಇಲ್ಲದ್ದಕ್ಕೆ ಹೆಂಗಸರು ಹೀಗಾದರು ಅನ್ನೋ ಹಾಗೆ ಕಥೆ ಇದೆಯಲ್ಲ, ಗಂಡ ಒಳ್ಳೆಯವನಾಗಿದ್ದರೆ ಆ ಪ್ರೀತಿ ಹುಟ್ಟುತ್ತಲೇ ಇರಲಿಲ್ಲವಾ ಅಂತ.

ಹೀಗೆ ಚಿತ್ರ ಇಷ್ಟವಾಗದವರು ದಾಳಿಯನ್ನು ಖಂಡಿಸಿದ್ದಾರೆ. ದಾಳಿಯನ್ನು ಖಂಡಿಸಿದವರು ಚಿತ್ರದ ಅರ್ಥದ ಬಗ್ಗೆ ತಮ್ಮತಮ್ಮಲ್ಲೇ ಜಗಳ ಆಡಿದ್ದಾರೆ. ಸಿನಿಮಾ ಹೇಗಿದೆ ಅನ್ನೋದು ಒಂದು ಪ್ರಶ್ನೆ, ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಅನ್ನೋದು ಬೇರೆಯೇ ಪ್ರಶ್ನೆ. ಗಲಾಟೆ ಜೋರಾದಾಗ ಈ ಎರಡನ್ನೂ ಕಲಸಿಬಿಡುತ್ತೇವೆ.

ಕಾನೂನು ಏನು ಹೇಳುತ್ತೆ?

ಗಲಾಟೆ ಆದ ಮೇಲೆ ಕೇಂದ್ರ ಸರ್ಕಾರ ಚಿತ್ರವನ್ನು ಮತ್ತೆ ಸೆನ್ಸಾರ್‌ಗೆ ಕಳಿಸಿತು. ನಟ ದಿಲೀಪ್ ಕುಮಾರ್ ಮತ್ತಿತರರು ರಕ್ಷಣೆ ಕೋರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮಂಡಳಿ ಎರಡನೇ ಸಲವೂ ಕತ್ತರಿ ಹಾಕಲಿಲ್ಲ. 1999ರ ಫೆಬ್ರವರಿಯಲ್ಲಿ ಚಿತ್ರ ಮತ್ತೆ ಟಾಕೀಸಿಗೆ ಬಂತು.

ಸರ್ಟಿಫಿಕೇಟ್ ಸಿಕ್ಕ ಮೇಲೆ ಸರ್ಕಾರ ತಡೆಯಬಹುದಾ ಅನ್ನೋ ಪ್ರಶ್ನೆಗೆ ಉತ್ತರ ಹೊರಟಿದ್ದು ನಮ್ಮ ಕರ್ನಾಟಕದಿಂದಲೇ. ಮಂಡಳಿಯ ತೀರ್ಮಾನವನ್ನು ಕೇಂದ್ರ ಸರ್ಕಾರ ಬದಲಿಸಬಹುದು ಅನ್ನೋ ನಿಯಮವನ್ನು ಕೆ.ಎಂ. ಶಂಕರಪ್ಪ ಅವರು ಕರ್ನಾಟಕ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದರು. 1990ರಲ್ಲಿ ಹೈಕೋರ್ಟ್ ಆ ಅಧಿಕಾರ ಸಂವಿಧಾನಕ್ಕೆ ವಿರುದ್ಧ ಅಂದಿತು. 2000ದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮಂಡಳಿ ಒಪ್ಪಿದ ಮೇಲೆ ‘ಗಲಾಟೆ ಆಗಬಹುದು’ ಅನ್ನೋದು ನೆಪ ಆಗಬಾರದು, ಶಾಂತಿ ಕಾಪಾಡೋದು ಸರ್ಕಾರದ ಕೆಲಸ ಅನ್ನೋದು ತೀರ್ಪಿನ ತಿರುಳು. ಇದಕ್ಕೂ ಮೊದಲು, 1989ರಲ್ಲಿ ತಮಿಳು ಚಿತ್ರವೊಂದರ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಬೆದರಿಕೆಗೆ ಮಣಿದು ಮಾತಿನ ಸ್ವಾತಂತ್ರ್ಯ ಕಸಿಯಬಾರದು ಅಂದಿತ್ತು.

ಹಾಗಾದರೆ ಟಾಕೀಸಿನವರ ಪಾಡೇನು?

ತೀರ್ಪು ಬರೋದಕ್ಕೆ ವರ್ಷಗಟ್ಟಲೆ ಬೇಕು, ಗಾಜು ಒಡೆಯೋಕೆ ಹತ್ತು ನಿಮಿಷ ಸಾಕು. ಅದಕ್ಕೇ ಚಿತ್ರಮಂದಿರದವರು ಬೆದರಿಕೆ ಬಂತು ಅಂದ ಕೂಡಲೇ ಪೋಸ್ಟರ್ ಇಳಿಸಿಬಿಡುತ್ತಾರೆ. ಅವರನ್ನು ಹೇಡಿಗಳು ಅನ್ನೋದು ಸುಲಭ. ಆದರೆ ಅದು ಅವರ ಹೊಟ್ಟೆಪಾಡು. ಚಿತ್ರ ತೆಗೆದವರೂ ಅಲ್ಲದ, ಸರ್ಟಿಫಿಕೇಟ್ ಕೊಟ್ಟವರೂ ಅಲ್ಲದ, ಬರೀ ತೋರಿಸಿದವರ ಮೇಲೆ ಮೊದಲ ಕಲ್ಲು ಬೀಳುತ್ತೆ.

ನಾಳೆ ಇನ್ನೊಂದು ಚಿತ್ರದ ಬಗ್ಗೆ ಗದ್ದಲ ಎದ್ದರೆ ಇಷ್ಟು ನೆನಪಿಟ್ಟರೆ ಸಾಕು. ಇಷ್ಟ ಇಲ್ಲದಿದ್ದರೆ ನೋಡಬೇಡಿ. ನೋಡಿದ ಮೇಲೆ ಬೈಯಬೇಕೆನಿಸಿದರೆ ಬೈಯಿರಿ, ಬರೆಯಿರಿ, ಟಿಕೆಟ್ ತಗೋಬೇಡಿ ಅಂತ ನಾಲ್ಕು ಜನಕ್ಕೆ ಹೇಳಿ. ‘ಫೈರ್’ ಚಿತ್ರವನ್ನು ಅತಿ ಕಟುವಾಗಿ ಟೀಕಿಸಿದ ಲೇಖಕಿಯರು ಮಾಡಿದ್ದೂ ಅದನ್ನೇ. ಅದಕ್ಕೆ ಟಾಕೀಸಿನ ಒಂದು ಗಾಜೂ ಒಡೆಯಬೇಕಾಗಲಿಲ್ಲ.