ಮೈ ಕಾದದ್ದು ಮೊದಲು ಗೊತ್ತಾಗುವುದು ಜೊತೆಗಾರನಿಗೆ

ಇಚಲಕರಂಜಿಯ ಶಹಾಪುರದಲ್ಲಿ ಯಾವುದಾದರೂ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು, ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹತ್ತಿ ನೂಲಿಗೆ ಒಣಗಾಳಿ ಆಗಿಬರುವುದಿಲ್ಲ, ಎಳೆ ಪಟಪಟನೆ ಹರಿಯುತ್ತದೆ. ಗಾಳಿಯಲ್ಲಿ ತೇವ ಚೆನ್ನಾಗಿದ್ದರೆ ಮಗ್ಗ ತಡೆಯಿಲ್ಲದೆ ಓಡುತ್ತದೆ. ನೂಲಿಗೆ ಹಿತವಾದ ಈ ಹವೆಯೇ ಓಡುವ ಮನುಷ್ಯನಿಗೆ ಕಂಟಕ. ಊರು ಬಿಟ್ಟು ಪಂಚಗಂಗೆಯ ಕಡೆ ಹೊರಟರೆ ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು, ನಡುವೆ ಗಾಡಿದಾರಿ. ಅಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರುವುದಿಲ್ಲ, ಕಬ್ಬು ಹೊರಬಿಟ್ಟ ತೇವ ಅಲ್ಲೇ ನಿಂತಿರುತ್ತದೆ. ಮಳೆ ಹಿಂದೆ ಸರಿದು ಬಿಸಿಲು ಮರಳುವ ಕಾಲಕ್ಕೆ ಈ ಭಾಗದ ಜನ ‘ಅಕ್ಟೋಬರ್ ಹೀಟ್’ ಎಂದು ಬೈಯುವುದು ಸುಮ್ಮನೆ ಅಲ್ಲ.

ಯಾಕೆ ಎನ್ನುವುದಕ್ಕೆ ಸಣ್ಣದೊಂದು ಲೆಕ್ಕವಿದೆ. ಅರವತ್ತು ಕಿಲೋ ತೂಕದವರು ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಿದರೆ ಒಂದು ಗಂಟೆಯಲ್ಲಿ ಸುಮಾರು 600 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಸ್ನಾಯುಗಳು ಅದರಲ್ಲಿ ಚಲನೆಗೆ ಹಚ್ಚುವುದು ಹೆಚ್ಚೆಂದರೆ ಕಾಲು ಭಾಗ. ಉಳಿದ 450ರಷ್ಟು ಬರೀ ಶಾಖ. ಅಷ್ಟು ತೂಕದ ದೇಹ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಲು 50 ಕಿಲೋಕ್ಯಾಲೊರಿ ಸಾಕು. ಅಂದರೆ ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಆರೇಳು ನಿಮಿಷಕ್ಕೊಂದು ಡಿಗ್ರಿ ಏರಿ, ಅರ್ಧ ಗಂಟೆಯಲ್ಲಿ ಒಳಮೈ 41 ದಾಟಬೇಕು. ದಾಟುವುದಿಲ್ಲ, ಯಾಕೆಂದರೆ ಬೆವರಿದೆ. ಒಂದು ಲೀಟರು ಬೆವರು ಚರ್ಮದ ಮೇಲೆ ಪೂರಾ ಆವಿಯಾದರೆ 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಗಂಟೆಗೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಬೆವರು ಆವಿಯಾದರೆ ಲೆಕ್ಕ ಚುಕ್ತಾ.

‘ಆವಿಯಾದರೆ’ ಎನ್ನುವಲ್ಲೇ ಎಲ್ಲ ತೊಡಕು. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು ಮೈ ತಂಪು ಮಾಡುವುದಿಲ್ಲ, ನೀರು ಮತ್ತು ಉಪ್ಪನ್ನು ಮಾತ್ರ ಕಳೆಯುತ್ತದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಸುಡುಬಿಸಿಲಿನ ಮ್ಯಾರಥಾನ್‌ನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಕುಸಿದು ಬಿದ್ದು, ಮರುದಿನ ತೀರಿಕೊಂಡ. ಬಿಸಿಲಿಗೆ ಚರ್ಮ ಸುಡಬಾರದೆಂದು ಮೈಗೆಲ್ಲ ಕೊಬ್ಬು ಸವರಿಕೊಂಡಿದ್ದ, ಅದರಿಂದ ಬೆವರಿನ ದಾರಿ ಕಟ್ಟಿತು ಎನ್ನುತ್ತಾರೆ. ಕಬ್ಬಿನ ನಡುವಿನ ತೇವಗಾಳಿಯೂ ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ, ಕೊಬ್ಬಿಲ್ಲದೆ.

ಹಾಗಾಗಿ ಓಟಕ್ಕೆ ಮೊದಲು ಮೊಬೈಲಿನಲ್ಲಿ ಉಷ್ಣಾಂಶ ಒಂದನ್ನೇ ನೋಡಿ ಹೊರಡುವುದು ಅರೆಬರೆ ಜಾಣತನ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಯುವಕರು ಬಿಸಿಲಿಗೆ ಕುಸಿಯುತ್ತಿದ್ದಾಗ ಅಲ್ಲಿನವರು ಹೊಸದೊಂದು ಸೂಚ್ಯಂಕ ಕಟ್ಟಿದರು. ಅದರಲ್ಲಿ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಶೇ. 70 ಪಾಲು, ಬಿಸಿಲು ಹೀರುವ ಕಪ್ಪು ಗೋಳಕ್ಕೆ 20, ನಾವು ದಿನಾ ಹೇಳುವ ಉಷ್ಣಾಂಶಕ್ಕೆ ಬರೀ 10. ಏಪ್ರಿಲ್‌ನ ಒಣಬಿಸಿಲಿನ 36 ಡಿಗ್ರಿಗಿಂತ ಮಳೆ ನಿಂತ ಮರುದಿನದ 30 ಡಿಗ್ರಿ ಕೆಲವೊಮ್ಮೆ ಹೆಚ್ಚು ಕಾಡುವುದು ಇದರಿಂದಲೇ.

ಕೊಲ್ಹಾಪುರ ಸೀಮೆಯಲ್ಲಿ ದೂರದ ಕಾಡುದಾರಿ ಎಂದರೆ ಪನ್ಹಾಳಾದಿಂದ ಪಾವನಖಿಂಡ. 1660ರ ಜುಲೈಯ ಮಳೆರಾತ್ರಿಯಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ತಪ್ಪಿಸಿಕೊಂಡು ಶಿವಾಜಿ ವಿಶಾಳಗಡದತ್ತ ಧಾವಿಸಿದ ದಾರಿ ಅದು. ಬಾಜಿಪ್ರಭು ದೇಶಪಾಂಡೆ ಕಣಿವೆಯಲ್ಲಿ ನಿಂತು ಬೆನ್ನಟ್ಟಿದವರನ್ನು ತಡೆದ. ಈಗಲೂ ಪ್ರತಿ ಜುಲೈಯಲ್ಲಿ ಜನ ಮಸಾಯಿ ಪಠಾರ ದಾಟಿ ಕೆಸರಲ್ಲಿ ಆ ದಾರಿ ನಡೆಯುತ್ತಾರೆ. ಪಠಾರದ ಮೇಲೆ ಗಾಳಿ ಬೀಸುತ್ತದೆ, ಮೈ ತಂಪಾಗುತ್ತದೆ. ಕೆಳಗಿನ ದಟ್ಟ ಮರಗಳೊಳಗೆ ಮಳೆ ನಿಂತು ಗಾಳಿಯೂ ನಿಂತರೆ ರೇನ್‌ಕೋಟಿನೊಳಗಿನ ಹವೆ ಶಹಾಪುರದ ಶೆಡ್ಡಿನದೇ. ಮಳೆಗಾಲದಲ್ಲಿ ಬಿಸಿಯೇಟು ಎಲ್ಲಿಂದ ಬರಬೇಕು ಎಂದು ನಗುವವರು ಹತ್ತುದಾರಿಯಲ್ಲಿ ಒಮ್ಮೆ ಆ ಕೋಟಿನ ಗುಂಡಿ ಬಿಚ್ಚಿ ನೋಡಬೇಕು.

ಇನ್ನು ಜೊತೆಗಾರನ ವಿಷಯ. ಹಾಂಗ್‌ಕಾಂಗ್‌ನಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಶುರುವಾದ 100 ಕಿ.ಮೀ. ಟ್ರೇಲ್‌ವಾಕರ್‌ನಲ್ಲಿ ನಾಲ್ವರ ತಂಡ ಕೂಡಿಯೇ ಹೊರಟು ಕೂಡಿಯೇ ಮುಟ್ಟಬೇಕು. ಇಂಥ ನಿಯಮಕ್ಕೆ ಸ್ನೇಹ, ಉತ್ತೇಜನ ಎಂದೆಲ್ಲ ಕಾರಣ ಕೊಡುತ್ತಾರೆ. ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣುವುದು ಶರೀರಶಾಸ್ತ್ರದ ಕಾರಣ. ಓಟದ ಬಿಸಿಯೇಟು, ಅಂದರೆ ಹೀಟ್ ಸ್ಟ್ರೋಕ್ ಎಂದು ವೈದ್ಯರು ಹೇಳುವುದು ಎರಡು ಕೂಡಿದಾಗ: ಒಳಮೈ ಉಷ್ಣತೆ ಸುಮಾರು 40 ಡಿಗ್ರಿ ಮೀರಿರಬೇಕು, ಮೆದುಳು ಎಡವಟ್ಟು ಮಾಡುತ್ತಿರಬೇಕು. ತನಗೇನಾಗುತ್ತಿದೆ ಎಂದು ತಿಳಿಯಬೇಕಾದ ಅಂಗವೇ ಕೈಕೊಡುವುದರಿಂದ ಓಡುವವನ ಸ್ವಂತ ಅಂದಾಜಿಗೆ ಆಗ ಬೆಲೆಯಿಲ್ಲ. ಹೊರಗಿನ ಎರಡು ಕಣ್ಣು ಬೇಕು.

ಆ ಕಣ್ಣು ಏನನ್ನು ನೋಡಬೇಕು? ಬೆವರು ನಿಂತಿದೆಯೇ ಎಂದಲ್ಲ. ಬೆವರು ನಿಂತರೆ ಮಾತ್ರ ಬಿಸಿಯೇಟು ಎಂಬ ನಂಬಿಕೆ ಓಟಗಾರರ ಮಟ್ಟಿಗೆ ತಪ್ಪು, ಮೈಯೆಲ್ಲ ತೊಯ್ದಿರುವಾಗಲೇ ಕುಸಿದವರು ಬೇಕಾದಷ್ಟಿದ್ದಾರೆ. ನೋಡಬೇಕಾದ್ದು ನಡವಳಿಕೆ. ತಮಾಷೆ ಮಾಡುತ್ತಿದ್ದವ ಮೌನವಾದನೇ, ಕಾರಣವಿಲ್ಲದೆ ಸಿಡುಕುತ್ತಾನೆಯೇ, ಸಮನೆಲದಲ್ಲೂ ಮುಗ್ಗರಿಸುತ್ತಾನೆಯೇ, ನಾಲಿಗೆ ತೊದಲುತ್ತದೆಯೇ?

“ದೋಸ್ತಾ, ಪಠಾರ ದಾಟಿ ಎಷ್ಟ ಹೊತ್ತಾತು?”

“ಎಷ್ಟರೆ ಆಗಲಿ, ನಿನಗ್ಯಾಕ? ನಡಿ ನೀ.”

ಗಡಿಭಾಗದ ಗೆಳೆಯರ ನಡುವೆ ಇದು ಮಾಮೂಲಿ ಮಾತೇ ಇರಬಹುದು. ಆದರೆ ಹತ್ತು ಕಿಲೋಮೀಟರು ಹಿಂದೆ ಇದೇ ಪ್ರಶ್ನೆಗೆ ನಿಮಿಷ ಸಮೇತ ಉತ್ತರಿಸಿದ್ದವ ಈಗ ಹೀಗೆ ಜಾರಿಕೊಂಡರೆ ಅಲ್ಲೇ ನಿಲ್ಲಿಸಬೇಕು. ಹೋಲಿಸಿ ನೋಡಲು ಅವನ ಹಳೆಯ ಉತ್ತರ ಗೊತ್ತಿರುವುದು ಜೊತೆಗಾರನಿಗೆ ಮಾತ್ರ. ದಾರಿಬದಿ ನೀರು ಕೊಡುವ ಸ್ವಯಂಸೇವಕನಿಗೆ ಅವನು ದಣಿದ ಇನ್ನೊಬ್ಬ ಓಟಗಾರ, ಅಷ್ಟೆ.

ಜೋಡಿಯಲ್ಲಿ ಇಬ್ಬರೂ ಒಂದೇ ಸಮ ಕಾಯುವುದಿಲ್ಲ ಎನ್ನುವುದೂ ಮುಖ್ಯ. ಐವತ್ತು ಕಿಲೋದವರ ಪಕ್ಕದಲ್ಲಿ ಎಂಬತ್ತು ಕಿಲೋದವರು ಅದೇ ವೇಗದಲ್ಲಿ ಓಡಿದರೆ ಹುಟ್ಟುವ ಶಾಖ ಶೇ. 60 ಹೆಚ್ಚು, ಅದನ್ನು ಹೊರಹಾಕುವ ಚರ್ಮ ಮಾತ್ರ ಸುಮಾರು ಮೂರನೇ ಒಂದು ಪಾಲಿನಷ್ಟು ಹೆಚ್ಚು. ತಂಪು ಬೆಳಗಿನಲ್ಲಿ ಸರಿಜೋಡಿಯಾಗಿದ್ದವರು ಹನ್ನೊಂದು ಗಂಟೆಗೆ ಸರಿಜೋಡಿ ಅಲ್ಲ. ವೇಗ ಗೊತ್ತುಮಾಡಬೇಕಾದವರು ದಪ್ಪಗಿರುವವರೇ. ಇದರಲ್ಲಿ ನಾಚಿಕೆಗೆ ಜಾಗವಿಲ್ಲ.

ಮೈಯನ್ನು ಬಿಸಿಲಿಗೆ ಒಗ್ಗಿಸಬಹುದು. ದಕ್ಷಿಣ ಆಫ್ರಿಕಾದ ಆಳದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರಿಗಾಗಿ ಇದನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ್ದರು. ಬಿಸಿಯಲ್ಲಿ ದಿನಾ ಗಂಟೆಯಷ್ಟು ದುಡಿದರೆ ಒಂದೆರಡು ವಾರದಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಇದೆಲ್ಲ ಮಾಯ. ಪುಣೆಯ ಎ.ಸಿ. ಆಫೀಸಿನಿಂದ ಶನಿವಾರ ರಾತ್ರಿ ಬಂದು ಭಾನುವಾರ ಗಡಹಿಂಗ್ಲಜದ ಗುಡ್ಡದಲ್ಲಿ ಓಡುವ ಊರಿನ ಮಗನನ್ನು ಊರಿನ ಬಿಸಿಲು ಗುರುತು ಹಿಡಿಯುವುದಿಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ 42.75 ಕಿ.ಮೀ. ಮ್ಯಾರಥಾನನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾಗಿ ಬಂದ ಬೆಳಗಾವಿಯ ಫಡೆಪ್ಪ ಚೌಗುಲೆ ಈ ಸೀಮೆಯ ಬಿಸಿಲು ಕಂಡವರು. ಅದೇ ಓಟಕ್ಕೆ ಜೊತೆಗೆ ಹೋಗಿದ್ದ ಸದಾಶಿವ ದಾತಾರ್ ನಡುವೆಯೇ ಬಿಟ್ಟರು. ಮ್ಯಾರಥಾನ್ ಒಬ್ಬೊಬ್ಬರ ಆಟ, ಒಬ್ಬರಿಗೊಬ್ಬರು ಕಾಯುವ ನಿಯಮ ಅಲ್ಲಿಲ್ಲ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಕುಡಿ, ಕುಡಿ ಎಂದು ಒತ್ತಾಯಿಸುವ ಜೊತೆಗಾರನೂ ಅಪಾಯವೇ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ನಿಧಾನವಾಗಿ ಓಡಿ, ದಾರಿಯುದ್ದಕ್ಕೂ ಕುಡಿದು, ಮುಗಿಸುವಾಗ ತೂಕ ಹೆಚ್ಚಿಸಿಕೊಂಡವರೇ ಅದರಲ್ಲಿ ಮುಂದು. ಬಾಯಾರಿದಷ್ಟು ಕುಡಿದರೆ ಸಾಕು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಬರೀ ನೀರಿಗಿಂತ ಮೇಲು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ತಾಗದು ಎಂಬ ಮಾತಿಗೆ ಆಧಾರವಿಲ್ಲ. ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಳ್ಳುವುದಕ್ಕೆ ಇದೆ.

ಅಷ್ಟಾಗಿಯೂ ಕುಸಿದರೆ ಮೊದಲು ತಂಪು ಮಾಡಬೇಕು, ಸಾಗಿಸುವುದು ಆಮೇಲೆ. ಅಮೆರಿಕದ ಫಾಲ್ಮತ್‌ನಲ್ಲಿ ಆಗಸ್ಟ್ ಸೆಖೆಯಲ್ಲಿ ನಡೆಯುವ ಓಟದಲ್ಲಿ 18 ವರ್ಷಗಳಲ್ಲಿ 274 ಮಂದಿಗೆ ಬಿಸಿಯೇಟು ತಗುಲಿತು. ಅವರನ್ನು ಅಲ್ಲೇ ಮಂಜುನೀರಿನ ತೊಟ್ಟಿಯಲ್ಲಿ ಮುಳುಗಿಸಿದರು, ಒಬ್ಬರೂ ಸಾಯಲಿಲ್ಲ. ಕಾಡುದಾರಿಯಲ್ಲಿ ತೊಟ್ಟಿ ಸಿಗದು, ಹಳ್ಳವೋ ಕಾಲುವೆಯೋ ಸಿಗುತ್ತದೆ. ಬೂಟು, ಚೀಲ ಬಿಚ್ಚಿ, ತಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ನೀರಲ್ಲಿ ಕೂರಿಸಬೇಕು. ಅದೂ ಇಲ್ಲದಿದ್ದರೆ ಮೈಮೇಲೆ ಎಡೆಬಿಡದೆ ನೀರು ಸುರಿದು ಟವೆಲ್ಲಿನಿಂದ ಗಾಳಿ ಬೀಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಇದರ ನಡುವೆಯೇ 108ಕ್ಕೆ ಕರೆ. ಮೈ 40ರ ಮೇಲೆ ಎಷ್ಟು ಹೊತ್ತು ಇತ್ತು ಎನ್ನುವುದರ ಮೇಲೆ ಯಕೃತ್ತು, ಮೂತ್ರಪಿಂಡಗಳಿಗೆ ಆದ ಪೆಟ್ಟಿನ ಅಂದಾಜು ನಿಂತಿರುತ್ತದೆ. ಹಾಗಾಗಿ ಆಂಬುಲೆನ್ಸ್‌ನಲ್ಲಿ ಜೊತೆಗಾರನೂ ಹತ್ತಬೇಕು. ಮಾತು ಮೊದಲು ತಪ್ಪಿದ್ದು ಎಷ್ಟು ಗಂಟೆಗೆ, ನೀರಿಗಿಳಿಸಿದ್ದು ಎಷ್ಟು ಗಂಟೆಗೆ ಎಂದು ಡಾಕ್ಟರು ಕೇಳಿದರೆ ಹೇಳಬಲ್ಲವನು ಅವನೊಬ್ಬನೇ.