ಹೆಗ್ಗಣದ ಹಲ್ಲು

ಶಿವಾಜಿನಗರ, ಹಲಸೂರುಗಳ ಮಾರುಕಟ್ಟೆ ಬೀದಿಗಳಲ್ಲಿ ಕತ್ತಲಾದ ಮೇಲೆ ಹೆಗ್ಗಣಗಳ ಸಂಚಾರ ಮೊದಲಾಗುತ್ತದೆ. ಮರದ ಹಲಗೆ, ಗೋಣಿಚೀಲ, ಮಣ್ಣಿನ ಗೋಡೆ ಯಾವುದೂ ಅವಕ್ಕೆ ತಡೆಯಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿ ಸಾವಿರಾರು ಜನ ಮಡಿದರು. ಇಲಿಗಳ ಮೈಮೇಲಿನ ಚಿಗಟದಿಂದ ಆ ರೋಗ ಹರಡುವುದೆಂದು ತಿಳಿದ ಬಳಿಕ, 1910ರ ಸುಮಾರಿಗೆ ದಂಡುಪ್ರದೇಶದಲ್ಲಿ ತಲೆಯೆತ್ತಿದ ಫ್ರೇಜರ್ ಟೌನಿನಲ್ಲಿ ಇಲಿ ನುಗ್ಗದಂಥ ಮನೆಗಳನ್ನು ಕಟ್ಟಲು ಯತ್ನಿಸಿದರು. ಗೋಡೆ ಕೊರೆಯುವ ಈ ಜೀವಿಗಳ ಆಯುಧವಾದರೂ ಎಂಥದು?

ಇಲಿ, ಹೆಗ್ಗಣ, ಅಳಿಲುಗಳು ದಂಶಕ ವರ್ಗಕ್ಕೆ ಸೇರಿದವು. ಇವಕ್ಕೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಬಾಚಿಹಲ್ಲುಗಳು. ಕೋರೆಹಲ್ಲು ಇಲ್ಲವೇ ಇಲ್ಲ. ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಗಡುಸಾದ ಎನಾಮೆಲ್ ಹೊದಿಕೆಯಿದೆ. ಮೆದುವಾದ ಹಿಂಭಾಗ ಬೇಗ ಸವೆಯುವುದರಿಂದ ತುದಿಯು ಬಡಗಿಯ ಉಳಿಯಂತೆ ಸದಾ ಹರಿತವಾಗಿರುತ್ತದೆ. ಜೀವವಿರುವವರೆಗೂ ಅದರ ಬೆಳವಣಿಗೆ ನಿಲ್ಲದು. ಎದುರಿನ ಹಲ್ಲು ಮುರಿದರೆ ಈ ವರವೇ ಶಾಪವಾಗಬಹುದು: ಸವೆಯದ ಹಲ್ಲು ಬಾಗಿ ಬೆಳೆದು, ಪ್ರಾಣಿ ತಿನ್ನಲಾರದೆ ಸಾಯುತ್ತದೆ.

ದವಡೆಹಲ್ಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಇಂದಿನ ಪಾಕಿಸ್ತಾನದ ಶಿವಾಲಿಕ್ ಶಿಲೆಗಳಲ್ಲಿ, ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಆಂಟಿಮಸ್ ಎಂಬ ಇಲಿಯ ಹಲ್ಲುಗಳು ದೊರೆತಿವೆ. ಅದರ ದವಡೆಹಲ್ಲಿನ ಉಬ್ಬುಗಳು ಇನ್ನೂ ಸರಿಯಾದ ಸಾಲಿಗೆ ಬಂದಿರಲಿಲ್ಲ. ಸುಮಾರು 20 ಲಕ್ಷ ವರ್ಷಗಳ ತರುವಾಯದ ಪ್ರೊಗೊನೊಮಿಸ್‌ನಲ್ಲಿ ಅವು ಅಡ್ಡಸಾಲುಗಳಾಗಿ ಕೂಡಿಕೊಂಡಿವೆ. ಹೆಗ್ಗಣದಲ್ಲಾದರೋ ಉಬ್ಬುಗಳು ಬೆಸೆದು ಅಡ್ಡಪಟ್ಟಿಗಳೇ ಆಗಿವೆ. ದವಡೆ ಹಿಂದಕ್ಕೂ ಮುಂದಕ್ಕೂ ಚಲಿಸಿದಾಗ ಅವು ಅರದಂತೆ ಕಾಳನ್ನೂ ಹುಲ್ಲನ್ನೂ ಅರೆಯುತ್ತವೆ. ಯಾವ ಇಲಿಯೂ ಬೇಕೆಂದು ತನ್ನ ಹಲ್ಲನ್ನು ತಿದ್ದಿಕೊಳ್ಳಲಿಲ್ಲ. ಚೆನ್ನಾಗಿ ಅರೆಯಬಲ್ಲ ಹಲ್ಲಿನೊಡನೆ ಹುಟ್ಟಿದವು ಹೆಚ್ಚಾಗಿ ಉಳಿದು, ಆ ಹಲ್ಲನ್ನು ತಮ್ಮ ಮರಿಗಳಿಗೆ ಕೊಟ್ಟುಹೋದವು.